ಬಾಡಗಂಡಿ ಸೀಮೆಯಲ್ಲಿ ಚಳಿಗಾಲಕ್ಕಾಗಿ ಜೇನುಪೆಟ್ಟಿಗೆಯನ್ನು ಸಜ್ಜುಗೊಳಿಸುವ ಕ್ರಮ

ಹೊಸದಾಗಿ ಜೇನುಸಾಕಣೆಯನ್ನು ಕೈಕೊಂಡ ಜಮೀನುದಾರರು ಒಂದೆರಡು ಪೆಟ್ಟಿಗೆಗಳನ್ನು ತರಿಸಿದ ಕೂಡಲೆ ಆ ವಿಷಯದ ಪುಸ್ತಕವೊಂದನ್ನೂ ತರಿಸಿ ಓದುವುದುಂಟು. ಇದು ಒಳ್ಳೆಯದೇ. ಆದರೆ ಅಂಥ ಪುಸ್ತಕಗಳಲ್ಲಿ ಬಹುಭಾಗವು ಇಂಗ್ಲೆಂಡ್, ಅಮೇರಿಕ ಮೊದಲಾದ ಶೀತದೇಶಗಳ ಅನುಭವವನ್ನು ಆಧರಿಸಿ ಬರೆದವುಗಳು. ಅವುಗಳಲ್ಲಿ ಚಳಿಗಾಲದ ಅಧ್ಯಾಯವನ್ನು ತೆರೆದರೆ, ಪೆಟ್ಟಿಗೆಯ ಸುತ್ತ ಹುಲ್ಲನ್ನಾಗಲಿ ಕಂಬಳಿಯನ್ನಾಗಲಿ ಸುತ್ತಬೇಕೆಂದೂ, ಬಾಗಿಲನ್ನು ಒಂದೆರಡು ಹುಳ ಹಾಯುವಷ್ಟಕ್ಕೆ ಕಿರಿದು ಮಾಡಬೇಕೆಂದೂ, ಆಮೇಲೆ ವಸಂತವು ಬರುವವರೆಗೆ ಪೆಟ್ಟಿಗೆಯನ್ನು ಮುಟ್ಟಕೂಡದೆಂದೂ ಹೇಳಿರುತ್ತದೆ. ಆ ದೇಶಗಳಿಗೆ ಈ ಮಾತು ಸರಿಯಾದುದು. ಅಲ್ಲಿ ಅಕ್ಟೋಬರ್ ತಿಂಗಳಿನಿಂದ ಮಾರ್ಚ್ ತಿಂಗಳಿನವರೆಗೆ ಹೂವೆಂಬುದೇ ಇಲ್ಲ. ಹುಳಗಳು ಒಂದನ್ನೊಂದು ಅಪ್ಪಿಕೊಂಡು ಗೊಂಚಲಾಗಿ, ಕೂಡಿಟ್ಟ ಹದಿನೈದು ಇಪ್ಪತ್ತು ಕಿಲೋಗ್ರಾಂ ಜೇನನ್ನು ತಿನ್ನುತ್ತ, ಮೈಯನ್ನು ನಡುಗಿಸಿ ಕಾವು ಹುಟ್ಟಿಸಿಕೊಂಡು ಐದಾರು ತಿಂಗಳುಗಳನ್ನು ಕಳೆಯುತ್ತವೆ.

ಬೀಳಗಿ ತಾಲೂಕಿನ ಬಾಡಗಂಡಿಯಲ್ಲಿಯೂ, ಸುತ್ತಣ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ತಾಲೂಕುಗಳಲ್ಲಿಯೂ ಸಂಗತಿಯು ಇದಕ್ಕೆ ತೀರ ವಿಪರೀತವಾದುದು. ಇಲ್ಲಿ ಡಿಸೆಂಬರ್, ಜನವರಿಗಳಲ್ಲಿ ರಾತ್ರಿಯ ಉಷ್ಣಮಾನವು ಸಾಧಾರಣವಾಗಿ 15 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಇಳಿಯುತ್ತದೆ; ಕೆಲವು ದಿನ ಇನ್ನೂ ಕೆಳಗೆ ಹೋಗುವುದುಂಟು. ಆದರೆ ಹೊತ್ತು ಮಾರುದ್ದ ಏರುವಷ್ಟರಲ್ಲಿ ಹುಳಗಳು ಹೊರಟೇ ಹೊರಡುತ್ತವೆ. ಹೊಲದಲ್ಲಿ ತೊಗರಿ, ಕುಸುಬೆ, ಕೊತ್ತಂಬರಿ, ಹಿಂಗಾರಿ ಜೋಳ ಇವೆಲ್ಲ ಹೂವಾಡುವ ಕಾಲವು ಅದೇ. ಎಂದರೆ ನಮ್ಮ ಚಳಿಗಾಲವು ಜೇನುಹುಳಕ್ಕೆ ಸುಗ್ಗಿಯ ಕಾಲ. ಹುಳಗಳಿಗೆ ನಿಜವಾದ ಕಷ್ಟದ ಕಾಲವು ಹೋಳಿ ಹುಣ್ಣಿಮೆಯ ಮುಂದೆ ಬರತಕ್ಕ ಬೇಸಿಗೆಯು. ಆದಕಾರಣ ನಮ್ಮಲ್ಲಿ ಚಳಿಗಾಲದ ಸಿದ್ಧತೆಯೆಂದರೆ ಪೆಟ್ಟಿಗೆಯನ್ನು ಮುಚ್ಚಿ ಮಲಗಿಸುವುದಲ್ಲ. ಸುಗ್ಗಿಗೆ ಮುಂಚೆ ಆಳುಗಳನ್ನು ಕೂಡಿಸುವುದು, ಮತ್ತು ಆ ಸುಗ್ಗಿಯಲ್ಲಿ ಬಂದುದರೊಳಗೆ ಬೇಸಿಗೆಗೆ ಎಷ್ಟು ಬಿಡಬೇಕೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು. ಪುಸ್ತಕವನ್ನು ಅಕ್ಷರಶಃ ಅನುಸರಿಸಿದ ಹೊಸಬನು ಒಳ್ಳೆಯ ಕಾಲದಲ್ಲಿ ಪೆಟ್ಟಿಗೆಗೆ ಗೋಣಿ ಸುತ್ತಿ, ಕೆಟ್ಟ ಕಾಲದಲ್ಲಿ ಅದನ್ನು ಬರಿದಾಗಿ ಬಿಸಿಲಿಗೆ ಬಿಟ್ಟು, ಮೇ ತಿಂಗಳಿನಲ್ಲಿ ಹುಳಗಳು ಓಡಿಹೋದವೆಂದು ವ್ಯಥೆಪಡುತ್ತಾನೆ.

ಯಾವ ಹುಳವನ್ನು ಸಾಕತಕ್ಕದ್ದೆಂಬುದನ್ನು ಸಂಕ್ಷೇಪವಾಗಿ ಹೇಳಬೇಕು. ಕೃಷ್ಣೆ, ಘಟಪ್ರಭೆಗಳ ದಂಡೆಯ ದೊಡ್ಡ ಮರಗಳಲ್ಲಿ ಕಟ್ಟುವ ಹೆಜ್ಜೇನೂ, ಜಾಲಿಯ ಕಂಟಿಗಳಲ್ಲಿ ಅಂಗೈಯಗಲ ಎರಿ ಕಟ್ಟುವ ಕೋಲುಜೇನೂ ಪೆಟ್ಟಿಗೆಯಲ್ಲಿ ನಿಲ್ಲತಕ್ಕವಲ್ಲ. ಪೆಟ್ಟಿಗೆಗೆ ಒಗ್ಗುವವು ಎರಡು: ನಮ್ಮ ದೇಶದ ತುಡುವೆ, ಮತ್ತು 1960ರ ದಶಕದಲ್ಲಿ ಪಂಜಾಬದಲ್ಲಿ ಮೊದಲು ನೆಲೆಗೊಳಿಸಲ್ಪಟ್ಟ ಯುರೋಪಿನ ಮೆಲ್ಲಿಫೆರಾ. ತುಡುವೆಯು ಮಲೆನಾಡಿನ ಹುಳ. ಇಲ್ಲಿಯ ಬಯಲಿನಲ್ಲಿ ನೆರಳೂ ನೀರೂ ಇರುವ ತೋಟದಲ್ಲಿ ಮಾತ್ರ ನಿಂತೀತು, ಸ್ವಲ್ಪ ಬೇಸರವಾದರೂ ಗೂಡು ಬಿಟ್ಟು ಹೊರಟುಹೋದೀತು. ಮೆಲ್ಲಿಫೆರಾ ಅಷ್ಟು ಸುಲಭವಾಗಿ ಓಡಿಹೋಗದು, ಹೆಚ್ಚು ಜೇನನ್ನೂ ಕೊಡುವುದು. ಆದರೆ ತಿನ್ನುವುದೂ ಹೆಚ್ಚು, ನುಸಿಯ ಬಾಧೆಯೂ ಹೆಚ್ಚು. ತುಡುವೆಗೆ ತಿರುಚಿನಾಪಳ್ಳಿಯ ಪಾದ್ರಿಯಾದ ನ್ಯೂಟನ್ ಎಂಬವರು ಕಳೆದ ಶತಮಾನದ ಆರಂಭದಲ್ಲಿ ರೂಪಿಸಿದ ಚಿಕ್ಕ ಪೆಟ್ಟಿಗೆಯೂ, ಮೆಲ್ಲಿಫೆರಾಕ್ಕೆ ಹತ್ತು ಚೌಕಟ್ಟಿನ ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆಯೂ ತಕ್ಕವು. ಮುಂದೆ ಹೇಳುವ ಕ್ರಮವು ಎರಡಕ್ಕೂ ಸಲ್ಲುತ್ತದೆ, ಭೇದವಿರುವಲ್ಲಿ ಸೂಚಿಸಲಾಗಿದೆ.

ಇನ್ನು ಕಾಲದ ಲೆಕ್ಕವನ್ನು ನೋಡೋಣ. ಇದೇ ಈ ಲೇಖನದ ಮುಖ್ಯ ವಿಷಯವಾದುದರಿಂದ ವಾಚಕರು ಸ್ವಲ್ಪ ತಾಳ್ಮೆಯಿಂದ ಓದಬೇಕು. ರಾಣಿಯು ಇಟ್ಟ ತತ್ತಿಯು ಮೂರು ದಿನಕ್ಕೆ ಒಡೆಯುತ್ತದೆ. ಹುಳುವಾಗಿ, ಕೋಶವಾಗಿ, ಮೆಲ್ಲಿಫೆರಾದಲ್ಲಿ 21ನೆಯ ದಿನಕ್ಕೆ, ತುಡುವೆಯಲ್ಲಿ ಒಂದೆರಡು ದಿನ ಮುಂಚೆ, ರೆಕ್ಕೆಯುಳ್ಳ ಕೆಲಸಗಾರ ಹುಳವಾಗಿ ಹೊರಬೀಳುತ್ತದೆ. ಹಾಗೆ ಹೊರಬಿದ್ದ ಹುಳವು ಕೂಡಲೆ ಹೊಲಕ್ಕೆ ಹೋಗುವುದಿಲ್ಲ. ಸುಮಾರು ಮೂರು ವಾರ ಗೂಡಿನೊಳಗೇ ಮರಿಗಳಿಗೆ ಉಣಿಸುವುದು, ಎರಿ ಕಟ್ಟುವುದು, ಬಾಗಿಲು ಕಾಯುವುದು ಮುಂತಾದ ಮನೆಗೆಲಸವನ್ನು ಮಾಡಿ ಆಮೇಲೆ ಮಕರಂದಕ್ಕೆ ಹೊರಡುತ್ತದೆ. ಹೀಗೆ ತತ್ತಿಗೂ ಹೊಲಕ್ಕೂ ನಡುವೆ ಆರು ವಾರಗಳು ಸಲ್ಲುತ್ತವೆ. ಮುಂಗಾರಿಯಲ್ಲಿ ಬಿತ್ತಿದ ತೊಗರಿಯು ಅಕ್ಟೋಬರ್ ಕೊನೆಗೆ, ನವೆಂಬರಿನಲ್ಲಿ ಹೂವಾಡುವುದಾದರೆ, ಆ ಹೂವಿಗೆ ಹೋಗತಕ್ಕ ಹುಳದ ತತ್ತಿಯು ಸೆಪ್ಟೆಂಬರ್ ನಡುವಿನಲ್ಲಿಯೇ ಬಿದ್ದಿರಬೇಕು. ಹೂವು ಕಂಡ ಮೇಲೆ ಕುಟುಂಬವನ್ನು ಬೆಳೆಸಲು ಹೊರಡುವವನು, ತೆನೆ ಒಣಗಿದ ಮೇಲೆ ಕೊಯ್ಲಿನ ಆಳನ್ನು ಹುಡುಕಿಕೊಂಡು ಪರಊರಿಗೆ ಹೋದವನಂತೆ. ಆದ್ದರಿಂದ ಸಿದ್ಧತೆಯನ್ನು ಉತ್ತರಿ ಮಳೆಯ ಹೊತ್ತಿಗೆ ಪ್ರಾರಂಭಿಸತಕ್ಕದ್ದು. ಮಹಾನವಮಿಯ ಹೊತ್ತಿಗೆ ಅದು ಮುಗಿದಿರತಕ್ಕದ್ದು.

ಮೊದಲನೆಯ ಕೆಲಸವು ಪರೀಕ್ಷೆ. ಮಳೆ ಹೊಳವಾದ ಒಂದು ದಿನ, ಗಾಳಿಯಿಲ್ಲದ ಹೊತ್ತಿನಲ್ಲಿ, ಬೆಳಿಗ್ಗೆ ಹತ್ತು ಗಂಟೆಯ ಮೇಲೆ ಪೆಟ್ಟಿಗೆಯನ್ನು ತೆರೆಯಬೇಕು. ಹೊಗೆಯು ಒಂದೆರಡು ಊದಿನಷ್ಟಿದ್ದರೆ ಸಾಕು. ರಾಣಿಯನ್ನೇ ಹುಡುಕುತ್ತ ಹೊತ್ತು ಕಳೆಯುವುದು ಹೊಸಬರ ದೊಡ್ಡ ತಪ್ಪು. ಕೋಶದ ತಳದಲ್ಲಿ ಅಕ್ಕಿಯ ನುಚ್ಚಿನಂತೆ ನಿಂತ ಬಿಳಿಯ ತತ್ತಿಗಳು, ಕೋಶಕ್ಕೊಂದರಂತೆ, ಕಂಡುವೆಂದರೆ ರಾಣಿಯು ಮೂರು ದಿನಗಳೀಚೆಗೆ ಅಲ್ಲಿ ಇದ್ದಳೆಂದೇ ಅರ್ಥ. ಮುಚ್ಚಿದ ಮರಿಕೋಶಗಳು ನಡುವೆ ತೆರಪಿಲ್ಲದೆ ಒತ್ತಾಗಿದ್ದರೆ ರಾಣಿಯು ಒಳ್ಳೆಯವಳು. ಗೋದಿಯ ಹೊಲದಲ್ಲಿ ಮೊಳಕೆ ತಪ್ಪಿದಂತೆ ಅಲ್ಲಲ್ಲಿ ಬೋಳು ಇದ್ದರೆ ಅವಳು ಮುದುಕಿಯಾಗಿರಬೇಕು, ಇಲ್ಲವೆ ರೋಗವಿರಬೇಕು. ಒಂದೇ ಕೋಶದಲ್ಲಿ ಎರಡು ಮೂರು ತತ್ತಿಗಳು ಅಡ್ಡಾದಿಡ್ಡಿಯಾಗಿ ಬಿದ್ದಿದ್ದರೆ ರಾಣಿಯು ಸತ್ತು ಕೆಲಸಗಾರ ಹುಳಗಳೇ ತತ್ತಿಯಿಡುತ್ತಿವೆಯೆಂದು ತಿಳಿಯಬೇಕು. ಅವುಗಳಿಂದ ಗಂಡುಹುಳಗಳಲ್ಲದೆ ಬೇರೇನೂ ಹುಟ್ಟದು.

ಪರೀಕ್ಷಿಸಿದಾಗ ಹುಳಗಳು ಮೂರು ನಾಲ್ಕು ಚೌಕಟ್ಟನ್ನೂ ತುಂಬದಷ್ಟು ಕಡಮೆಯಿದ್ದರೆ ಏನು ಮಾಡತಕ್ಕದ್ದು? ಅಂಥ ಕುಟುಂಬವನ್ನು ಸಲಹಿ ದೊಡ್ಡದು ಮಾಡುವೆನೆಂಬ ಮಮತೆಯು ಸಹಜವಾದುದು, ಆದರೆ ಲಾಭದಾಯಕವಲ್ಲ. ಎರಡು ದುರ್ಬಲ ಕುಟುಂಬಗಳಿಂದ ಎರಡು ಪಾಲು ಜೇನು ಬರುವುದಿಲ್ಲ, ಒಂದು ಪಾಲೂ ಬರುವುದಿಲ್ಲ. ಯಾಕೆಂದರೆ ಮರಿಗಳ ಎರಿಯನ್ನು 34-35 ಡಿಗ್ರಿಯ ಕಾವಿನಲ್ಲಿ ಇಡಲಿಕ್ಕೇ ಇದ್ದಷ್ಟು ಹುಳಗಳು ಬೇಕಾಗಿ ಹೊಲಕ್ಕೆ ಹೋಗಲು ಯಾರೂ ಉಳಿಯುವುದಿಲ್ಲ. ಅವೆರಡನ್ನು ಕೂಡಿಸಿಬಿಡುವುದೇ ಲೇಸು. ಕೆಟ್ಟ ರಾಣಿಯನ್ನು ತೆಗೆದು, ಸಂಜೆಯಲ್ಲಿ ಒಂದು ಪೆಟ್ಟಿಗೆಯ ಮೇಲೆ ವೃತ್ತಪತ್ರದ ಹಾಳೆಯೊಂದನ್ನು ಹರವಿ, ಸೂಜಿಯಿಂದ ನಾಲ್ಕೈದು ತೂತು ಮಾಡಿ, ಅದರ ಮೇಲೆ ಮತ್ತೊಂದರ ಸಂಸಾರಕೋಣೆಯನ್ನು ಇಟ್ಟರೆ, ಹುಳಗಳು ಎರಡು ಮೂರು ದಿನಗಳಲ್ಲಿ ಕಾಗದವನ್ನು ಕಡಿದು ಒಂದಾಗುತ್ತವೆ. ಅಷ್ಟರಲ್ಲಿ ಒಂದರ ವಾಸನೆಯು ಮತ್ತೊಂದಕ್ಕೆ ಹತ್ತಿರುವುದರಿಂದ ಜಗಳವಾಗುವುದಿಲ್ಲ. ಎರಡು ಪೆಟ್ಟಿಗೆಗಳು ದೂರದಲ್ಲಿದ್ದರೆ ಮೊದಲು ದಿನಕ್ಕೆ ಒಂದು ಮೊಳದಂತೆ ಸರಿಸುತ್ತ ಹತ್ತಿರ ತರಬೇಕು. ಇಲ್ಲವಾದರೆ ಹೊಲದಿಂದ ಬಂದ ಹುಳಗಳು ಹಳೆಯ ಜಾಗದಲ್ಲಿಯೇ ಸುತ್ತಾಡಿ ಸಾಯುತ್ತವೆ.

ರೋಗದ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಕೊಡಲೇಬೇಕು. 1991-92ರ ಸುಮಾರಿಗೆ ಥಾಯಿ ಸ್ಯಾಕ್‌ಬ್ರೂಡ್ ಎಂಬ ವೈರಾಣುರೋಗವು ಕರ್ನಾಟಕ, ಕೇರಳ, ತಮಿಳುನಾಡುಗಳಲ್ಲಿ ಹರಡಿ ಪೆಟ್ಟಿಗೆಯ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನಾಶಮಾಡಿತು. ಕೊಡಗು, ಕನ್ನಡ ಜಿಲ್ಲೆಗಳಲ್ಲಿ ತಲೆಮಾರುಗಳಿಂದ ಜೇನು ಸಾಕಿದವರು ಬರಿಯ ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಬೇಕಾಯಿತು. ಮರಿಗಳು ಕೋಶದಲ್ಲಿ ಬೆನ್ನ ಮೇಲೆ ಚಾಚಿ ಸತ್ತು, ತಲೆಯು ದೋಣಿಯ ಮೂತಿಯಂತೆ ಮೇಲಕ್ಕೆದ್ದು, ಚಿಮಟದಿಂದ ಎತ್ತಿದರೆ ನೀರು ತುಂಬಿದ ಚೀಲದಂತೆ ಬರುವುದೇ ಇದರ ಗುರುತು. ಇದಕ್ಕೆ ಔಷಧವಿಲ್ಲ. ಆದಕಾರಣ ಕುಟುಂಬವನ್ನು ಕೊಳ್ಳುವಾಗ ಮರಿಯೆರಿಯನ್ನು ಕಣ್ಣಾರೆ ನೋಡಿ ಕೊಳ್ಳಬೇಕು. ಎಲ್ಲಿಯದೋ ಜೇನನ್ನು ಹುಳಗಳಿಗೆ ಉಣಿಸಕೂಡದು. ಮೆಲ್ಲಿಫೆರಾ ಸಾಕುವವರು ಸಾಸಿವೆಕಾಳಿನಷ್ಟಿರುವ, ಕೆಂಗಂದು ಬಣ್ಣದ ವರೋವಾ ನುಸಿಯನ್ನು ಹುಳಗಳ ಮೈಮೇಲೆಯೂ ಗಂಡುಮರಿಗಳ ಕೋಶದಲ್ಲಿಯೂ ಹುಡುಕಬೇಕು. ಕಂಡರೆ ಜೇನುಕೋಣೆಯನ್ನು ಏರಿಸುವುದಕ್ಕೆ ಮುಂಚೆಯೇ ಚಿಕಿತ್ಸೆಯಾಗಬೇಕು. ಅದರ ಪ್ರಮಾಣವನ್ನು ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿಯೋ, 2008ರಲ್ಲಿ ಸ್ಥಾಪಿತವಾದ ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿಯೋ ಕೇಳಿಕೊಳ್ಳುವುದು ಯೋಗ್ಯ. ಅಂದಾಜಿನ ಮೇಲೆ ಹಾಕುವ ಔಷಧವು ನುಸಿಗಿಂತ ಮೊದಲು ಹುಳವನ್ನು ಕೊಲ್ಲುತ್ತದೆ.

ಎರಡನೆಯ ಕೆಲಸವು ಆಹಾರ. ಮಳೆಗಾಲದಲ್ಲಿ ಹುಳಗಳು ಕೂಡಿಟ್ಟುದನ್ನು ತಿಂದು ಮುಗಿಸಿರುತ್ತವೆ. ಬರಿಯ ಉಗ್ರಾಣವನ್ನು ಕಂಡ ರಾಣಿಯು ತತ್ತಿಯಿಡುವುದನ್ನು ನಿಲ್ಲಿಸುತ್ತಾಳೆ. ಒಂದು ಲೀಟರು ಕುದಿಸಿ ಇಳಿಸಿದ ನೀರಿಗೆ ಒಂದು ಕಿಲೋಗ್ರಾಂ ಬಿಳಿ ಸಕ್ಕರೆಯನ್ನು ಕರಗಿಸಿ, ಆರಿದ ಮೇಲೆ ತುಡುವೆಗೆ ದಿನಕ್ಕೆ ಕಾಲು ಲೀಟರು, ಮೆಲ್ಲಿಫೆರಾಕ್ಕೆ ಅರ್ಧ ಲೀಟರಿನಂತೆ, ಹತ್ತು ಹದಿನೈದು ದಿನ ಕೊಡಬೇಕು. ತೆಳುವಾದ ಪಾಕವು ಹೊಸ ಮಕರಂದದಂತೆ ತೋರಿ ರಾಣಿಯು ತತ್ತಿಯಿಡಲು ಉತ್ಸಾಹಗೊಳ್ಳುತ್ತಾಳೆ. ಎರಡು ಪಾಲು ಸಕ್ಕರೆಯ ಗಟ್ಟಿ ಪಾಕವನ್ನು ಹುಳಗಳು ಕೂಡಿಡುತ್ತವೆ. ಅದು ಬೇಸಿಗೆಯ ಸಾಮಗ್ರಿ, ಈಗಿನದಲ್ಲ. ಜೇನುಕೋಣೆಯನ್ನು ಇಟ್ಟ ಮೇಲೆ ಪಾಕವನ್ನು ಕೊಡಕೂಡದು. ಕೊಟ್ಟರೆ ಅದೇ ಪಾಕವು ಜೇನೆಂಬ ಹೆಸರಿನಿಂದ ನಿಮ್ಮ ಸೀಸೆಗೆ ಬರುತ್ತದೆ.

ಮಹಾಲಿಂಗಪುರದ ಬೆಲ್ಲದ ಪೇಟೆಯು ಹತ್ತಿರವಿರುವ ಈ ಸೀಮೆಯಲ್ಲಿ, ಸಕ್ಕರೆಗೆ ಬದಲು ಬೆಲ್ಲವನ್ನೇ ಕರಗಿಸಿ ಕೊಟ್ಟರಾಗದೆ ಎಂದು ಒಕ್ಕಲಿಗರು ಕೇಳುವುದುಂಟು. ಆಗದು. ಬೆಲ್ಲದಲ್ಲಿರುವ ಲವಣಾದಿಗಳು ನಮಗೆ ಹಿತವಾದರೂ ಹುಳಕ್ಕೆ ಜೀರ್ಣವಾಗದೆ ಬೇಧಿಯನ್ನುಂಟುಮಾಡುತ್ತವೆ. ಪಾಕವನ್ನು ಕೊಡುವ ಹೊತ್ತು ಸೂರ್ಯಾಸ್ತದ ಮೇಲೆ. ಈ ಲೇಖಕನು ಮೊದಲನೆಯ ವರ್ಷ ಅವಸರದಿಂದ ಮಧ್ಯಾಹ್ನದಲ್ಲಿ ಪಾಕವನ್ನಿಟ್ಟು, ಪೆಟ್ಟಿಗೆಯ ಮೇಲೂ ಕೆಲವು ಹನಿ ಚೆಲ್ಲಿ, ಊಟಕ್ಕೆ ಹೋಗಿ ಬರುವಷ್ಟರಲ್ಲಿ ಪಕ್ಕದ ಬಲವಾದ ಪೆಟ್ಟಿಗೆಯ ಹುಳಗಳು ದುರ್ಬಲವಾದುದರೊಳಗೆ ನುಗ್ಗಿ ಸೂರೆಮಾಡಿದ್ದವು. ಬಾಗಿಲ ಮುಂದೆ ಸತ್ತ ಹುಳಗಳು ಬೊಗಸೆ ತುಂಬ ಇದ್ದವು. ಎರಡನೆಯ ಬಾರಿ ಈ ಪಾಠವು ಬೇಕಾಗಲಿಲ್ಲ.

ಮೂರನೆಯದು ಪೆಟ್ಟಿಗೆಯ ಶುದ್ಧಿ. ತಳಹಲಗೆಯ ಮೇಲೆ ಬಿದ್ದ ಮೇಣದ ಪುಡಿಯಲ್ಲಿಯೇ ಮೇಣದ ಪತಂಗದ ಹುಳುವು ಹುಟ್ಟುವುದು. ಅದು ಎರಿಯೊಳಗೆ ಸುರಂಗ ಕೊರೆದು ಜೇಡನ ಬಲೆಯಂತೆ ನೂಲು ಹರಡುತ್ತದೆ. ತಳವನ್ನು ವಾರಕ್ಕೊಮ್ಮೆ ಕೆರೆದು ಗುಡಿಸಬೇಕು. ಹುಳಗಳು ಮುಚ್ಚಿ ನಿಲ್ಲದಷ್ಟು ಹೆಚ್ಚಿನ ಎರಿಗಳನ್ನು, ಕಪ್ಪಾದ ಹಳೆಯ ಎರಿಗಳನ್ನು ತೆಗೆದುಬಿಡಬೇಕು. ಹುಳಗಳಿರುವಷ್ಟೇ ಮನೆ ಇರಲಿ ಎಂಬುದು ನಿಯಮ. ಪೆಟ್ಟಿಗೆಯ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿ ಒಂದು ಹನಿ ಎಣ್ಣೆಯನ್ನು ಹಾಕಿದರೆ ಇರುವೆ ಹತ್ತದು. ಆದರೆ ಸುತ್ತಲಿನ ಹುಲ್ಲಿನ ಎಸಳೊಂದು ಪೆಟ್ಟಿಗೆಗೆ ತಗುಲಿದರೂ ಅದೇ ಇರುವೆಯ ಸೇತುವೆಯಾಗುವುದು.

ಚಳಿಯ ವಿಷಯದಲ್ಲಿ ಮಾಡಬೇಕಾದುದು ಅಲ್ಪ. ನಮ್ಮಲ್ಲಿ ಹುಳವನ್ನು ಬಾಧಿಸುವುದು ಚಳಿಗಿಂತ ಆ ದಿನಗಳಲ್ಲಿ ಮೂಡಲ ಕಡೆಯಿಂದ ಬೀಸುವ ಒಣಗಾಳಿ. ಬಾಗಿಲು ಪೂರ್ವಕ್ಕಿರಬೇಕೆಂದು ಎಲ್ಲರೂ ಹೇಳುವರು. ಎಳೆಬಿಸಿಲು ಬಿದ್ದು ಹುಳಗಳು ಬೇಗ ಹೊರಡುವುದರಿಂದ ಅದು ಸರಿಯೇ. ಆದರೆ ಬಯಲಿನಲ್ಲಿ ನೇರ ಪೂರ್ವಕ್ಕಿಂತ ಆಗ್ನೇಯಕ್ಕೆ ತಿರುಗಿಸಿ, ಈಶಾನ್ಯದ ಕಡೆಗೆ ತೊಗರಿಕಟ್ಟಿಗೆಯ ಅಥವಾ ಜೋಳದ ಕಣಿಕೆಯ ಒಂದು ಮರೆಯನ್ನು ಕಟ್ಟುವುದು ಮೇಲು. ಪ್ಲಾಸ್ಟಿಕ್ ಹಾಳೆಯಿಂದ ಪೆಟ್ಟಿಗೆಯನ್ನು ಸುತ್ತಕೂಡದು. ಹುಳಗಳ ಉಸಿರಿನ ತೇವವು ಒಳಗೇ ನಿಂತು ಎರಿಗೆ ಬೂಷ್ಟು ಹಿಡಿಯುತ್ತದೆ. ಮುಚ್ಚಳದ ಕೆಳಗೆ ಒಂದು ಒಣ ಗೋಣಿಯ ತುಂಡನ್ನು ಹಾಸಿದರೆ ಸಾಕು. ಜನವರಿಯ ಮುಂಜಾವಿನಲ್ಲಿ, ಅತಿಥಿಗಳಿಗೆ ತೋರಿಸಬೇಕೆಂಬ ಉತ್ಸಾಹದಿಂದ, ಪೆಟ್ಟಿಗೆಯನ್ನು ತೆರೆಯದಿದ್ದರೆ ಹುಳಗಳಿಗೆ ಅರ್ಧ ಚಳಿಯು ತಪ್ಪಿದಂತೆಯೇ.

ಈವರೆಗೆ ಹೇಳಿದುದು ಪೆಟ್ಟಿಗೆಯ ಒಡೆಯನೊಬ್ಬನೇ ಮಾಡಬಹುದಾದ ಕೆಲಸ. ಇನ್ನು ಮುಂದಿನದು ಊರಿನ ಹಿರಿಯರ ನೆರವಿಲ್ಲದೆ ಆಗತಕ್ಕದ್ದಲ್ಲ. ಹುಳವು ತನ್ನ ಯಜಮಾನನ ಬದುವನ್ನು ಅರಿಯದು; ಮಕರಂದಕ್ಕಾಗಿ ಎರಡು ಮೂರು ಕಿಲೋಮೀಟರುಗಳವರೆಗೂ ಹೋದೀತು. ತೊಗರಿಯು ಹೂವಾಡುವ ಕಾಲದಲ್ಲಿಯೇ ಕಾಯಿಕೊರಕ ಹುಳುವಿಗಾಗಿ ಔಷಧ ಸಿಂಪಡಿಸುವ ಕಾಲವೂ ಬರುತ್ತದೆ. ಬೆಳಿಗ್ಗೆ ಒಂಬತ್ತು ಗಂಟೆಗೆ, ಹೂವಿನ ಮೇಲೆ ಹುಳಗಳು ಮುಸುಕಿರುವಾಗ, ಒಬ್ಬ ರಯತನು ಸಿಂಪಡಿಸಿದರೆ ಆ ಸೀಮೆಯ ಎಲ್ಲ ಪೆಟ್ಟಿಗೆಗಳ ಹೊಲದ ಹುಳಗಳೂ ಅಂದೇ ಸಾಯುತ್ತವೆ. ಆರು ವಾರದ ಸಿದ್ಧತೆಯು ಒಂದು ಹೊತ್ತಿನಲ್ಲಿ ಹೋಗುತ್ತದೆ. ಯುರೋಪಿನ ಒಕ್ಕೂಟವು 2018ರಲ್ಲಿ ಇಮಿಡಾಕ್ಲೋಪ್ರಿಡ್ ಮೊದಲಾದ ಮೂರು ಔಷಧಗಳನ್ನು ಬಯಲು ಹೊಲಗಳಲ್ಲಿ ಬಳಸಕೂಡದೆಂದು ನಿಷೇಧಿಸಿದುದು ಜೇನುಹುಳಗಳ ನಿಮಿತ್ತವಾಗಿಯೇ.

ರಯತನಿಗೆ ಬೆಳೆಯನ್ನು ಹುಳುವಿಗೆ ಬಿಟ್ಟುಕೊಡೆಂದು ಯಾರೂ ಹೇಳಲಾರರು. ಕೇಳಿಕೊಳ್ಳಬೇಕಾದುದು ಇಷ್ಟೇ: ಮೊಗ್ಗಿನ ಕಾಲದಲ್ಲಿ ತತ್ತಿಗಳು ಕಂಡಾಗಲೇ ಶೇಕಡಾ 5ರ ಬೇವಿನ ಬೀಜದ ಕಷಾಯವನ್ನು ಹೊಡೆಯುವುದು, ವಿಷದ ಔಷಧವು ಅನಿವಾರ್ಯವಾದರೆ ಹುಳಗಳು ಗೂಡು ಸೇರಿದ ಮೇಲೆ ಸಂಜೆಯಲ್ಲಿ ಸಿಂಪಡಿಸುವುದು, ಮತ್ತು ಹಿಂದಿನ ದಿನವೇ ಪೆಟ್ಟಿಗೆಯವರಿಗೆ ತಿಳಿಸುವುದು. ಹಿಂದೆ ಇಂಥ ಸಂಗತಿಗಳನ್ನು ಗೌಡರು ಡಂಗುರ ಹೊಯ್ಯಿಸಿ ಸಾರಿಸುತ್ತಿದ್ದರು. ಈಗ ಪಂಚಾಯತಿಯ ಧ್ವನಿವರ್ಧಕವೂ ಮೊಬೈಲೂ ಆ ಕೆಲಸವನ್ನು ಇನ್ನೂ ಸುಲಭವಾಗಿ ಮಾಡಬಲ್ಲವು. ಸುದ್ದಿ ತಿಳಿದ ಪೆಟ್ಟಿಗೆಯವನು ರಾತ್ರಿಯಲ್ಲಿ ಬಾಗಿಲಿಗೆ ಜಾಳಿಗೆ ಹೊಡೆದು, ಮೇಲೆ ತೋಯಿಸಿದ ಗೋಣಿ ಹಾಕಿ ಮರುದಿನವೊಂದನ್ನು ಕಳೆಯಬಹುದು. ಇಲ್ಲವೆ ಮೂರು ಕಿಲೋಮೀಟರಿಗೂ ದೂರಕ್ಕೆ ಪೆಟ್ಟಿಗೆಯನ್ನು ಸಾಗಿಸಬಹುದು. ಇದರಲ್ಲಿ ಲಾಭವು ಪೆಟ್ಟಿಗೆಯವನಿಗೆ ಮಾತ್ರವೆಂದು ಎಣಿಸಬಾರದು. ಸೂರ್ಯಕಾಂತಿಯ ಕಾಳು ಗಟ್ಟಿಯಾಗುವುದೂ, ಬೀಜಕ್ಕೆ ಬಿಟ್ಟ ಉಳ್ಳಾಗಡ್ಡಿಯ ಗೊಂಚಲಿನಲ್ಲಿ ಬೀಜ ಕಟ್ಟುವುದೂ ಬಹುಮಟ್ಟಿಗೆ ಈ ಹುಳಗಳ ಕಾಲಿನಿಂದಲೇ. ಸೂರ್ಯಕಾಂತಿಯ ಕ್ಷೇತ್ರವು ವರ್ಷೇ ವರ್ಷೇ ಕುಗ್ಗಿ ಕಬ್ಬು ಹಬ್ಬಿರುವ ಈ ನಾಡಿನಲ್ಲಿ, ಹುಳಗಳಿಗೆ ಉಳಿದ ಹೂವನ್ನು ವಿಷವಾಗದಂತೆ ನೋಡಿಕೊಳ್ಳುವುದು ಹಿಂದಿಗಿಂತ ಈಗ ಹೆಚ್ಚು ಅಗತ್ಯವು.

ಕಬ್ಬಿನ ಮಾತು ಬಂದುದರಿಂದ ಮತ್ತೊಂದು ಸಂಗತಿ. ಕಬ್ಬಿನಿಂದ ಹುಳಕ್ಕೆ ಮಕರಂದವಿಲ್ಲ. ಆದರೆ ಚಳಿಗಾಲದಲ್ಲಿ ಬೆಲ್ಲದ ಗಾಣಗಳು ಪ್ರಾರಂಭವಾದೊಡನೆ ಹುಳಗಳು ರಸದ ವಾಸನೆಗೆ ಅಲ್ಲಿಗೆ ಮುತ್ತಿ, ತೊಟ್ಟಿಯಲ್ಲಿ ಮುಳುಗಿಯೂ ಕೊಪ್ಪರಿಗೆಯಲ್ಲಿ ಬೆಂದೂ ಸಾಯುತ್ತವೆ. ರಸದ ತೊಟ್ಟಿಗೆ ಸೊಳ್ಳೆಪರದೆಯಂಥ ಬಟ್ಟೆಯನ್ನು ಮುಚ್ಚುವುದು ಗಾಣದವರಿಗೆ ಕಷ್ಟವಲ್ಲ, ಬೆಲ್ಲವೂ ನಿರ್ಮಲವಾಗುತ್ತದೆ. ಪೆಟ್ಟಿಗೆಯನ್ನಿಡಲು ಸ್ಥಳವನ್ನು ಹುಡುಕುವವನು ಗಾಣದಿಂದ ದೂರವನ್ನು ಆರಿಸತಕ್ಕದ್ದು.

ಇಷ್ಟಾದ ಮೇಲೆ ನವೆಂಬರಿನಲ್ಲಿ ಸಂಸಾರಕೋಣೆಯ ಎಲ್ಲ ಚೌಕಟ್ಟುಗಳಲ್ಲಿ ಹುಳಗಳು ತುಂಬಿ, ಎರಿಯ ಮೇಲಂಚಿನಲ್ಲಿ ಹೊಸ ಬಿಳಿಯ ಮೇಣವು ಕಂಡರೆ ಜೇನುಕೋಣೆಯನ್ನು ಏರಿಸಬೇಕು. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವ ಹೊತ್ತಿಗೆ ಕೊತ್ತಂಬರಿ, ಕುಸುಬೆಗಳ ಹೂವು ಮೊದಲಾಗಿರುತ್ತದೆ. ಕೋಶಗಳಲ್ಲಿ ಮುಕ್ಕಾಲು ಪಾಲಾದರೂ ಮೇಣದಿಂದ ಮುಚ್ಚಿದ ಎರಿಯನ್ನು ಮಾತ್ರ ಹಿಂಡತಕ್ಕದ್ದು. ಮುಚ್ಚದ ಜೇನಿನಲ್ಲಿ ನೀರು ಹೆಚ್ಚಿ ಹುಳಿಯುವುದು. ಹಿಂಡುವುದು ಜೇನುಕೋಣೆಯದು ಮಾತ್ರ. ಸಂಸಾರಕೋಣೆಯ ಜೇನು ಹುಳಗಳದು. ಅದರ ಮೇಲೆ ಕೈ ಹಾಕುವವನು ಬೇಸಿಗೆಯಲ್ಲಿ ಅದಕ್ಕಿಂತ ಹೆಚ್ಚಿನ ಬೆಲೆಯ ಸಕ್ಕರೆಯನ್ನು ಕೊಳ್ಳಬೇಕಾಗುವುದು, ಅಥವಾ ಬರಿಯ ಪೆಟ್ಟಿಗೆಯನ್ನು ನೋಡಬೇಕಾಗುವುದು.

ಸಂಕ್ರಾಂತಿಯ ಹಿಂಡುವಿಕೆಯಲ್ಲಿ ಧಾರಾಳವಾಗಿ ತೆಗೆದುಕೊಳ್ಳಬಹುದು, ಯಾಕೆಂದರೆ ಮುಂದೆ ಇನ್ನೂ ಹೂವಿದೆ. ಫೆಬ್ರವರಿಯ ಕೊನೆಯ ಹಿಂಡುವಿಕೆಯಲ್ಲಿ ಕೈ ಬಿಗಿಹಿಡಿಯಬೇಕು: ಮೆಲ್ಲಿಫೆರಾದ ಪೆಟ್ಟಿಗೆಗೆ ತುಂಬಿ ಮುಚ್ಚಿದ ನಾಲ್ಕು ದೊಡ್ಡ ಎರಿಗಳನ್ನಾದರೂ ಬಿಡಬೇಕು, ತುಡುವೆಗೆ ಸಂಸಾರಕೋಣೆಯ ಜೇನಿನೊಡನೆ ಜೇನುಕೋಣೆಯ ಅರ್ಧವನ್ನು. ಮಾರ್ಚ್‌ನಿಂದ ಬೇವು, ಹೊಂಗೆಗಳ ಹೂವು ಸ್ವಲ್ಪ ಆಸರೆಯಾಗುತ್ತದೆ, ಆದರೆ ಉಷ್ಣಮಾನವು 40 ಡಿಗ್ರಿಯನ್ನು ಮೀರುವ ದಿನಗಳಲ್ಲಿ ಹುಳಗಳು ಮಕರಂದಕ್ಕಿಂತ ನೀರನ್ನು ಹೊರುವುದರಲ್ಲಿಯೇ ದಿನ ಕಳೆಯುತ್ತವೆ. ಆಲಮಟ್ಟಿಯ ಹಿನ್ನೀರಿನ ಅಂಚಿನಲ್ಲಿರುವವರಿಗೆ ಈ ಚಿಂತೆಯು ಕಡಮೆ. ಉಳಿದವರು ಪೆಟ್ಟಿಗೆಯಿಂದ ಹತ್ತಿಪ್ಪತ್ತು ಮಾರಿನೊಳಗೆ, ಹುಳ ಮುಳುಗದಂತೆ ಹರಳುಗಳನ್ನು ಹಾಕಿದ ಅಗಲವಾದ ಮಣ್ಣಿನ ಪಾತ್ರೆಯನ್ನು ಇಟ್ಟು ದಿನವೂ ತುಂಬಬೇಕು. ಹೋಳಿಯ ಹೊತ್ತಿಗೆ ಗಾಳಿಮರೆಯ ಕಣಿಕೆಯನ್ನು ಬಿಚ್ಚಿ, ಅದನ್ನೇ ಪೆಟ್ಟಿಗೆಯ ಮೇಲೆ ಚಪ್ಪರವಾಗಿ ಹಾಕಿ, ತಿಂಗಳಿಗೆರಡು ಬಾರಿ ಪೆಟ್ಟಿಗೆಯ ಹಿಂಭಾಗವನ್ನು ಒಂದು ಕೈಯಿಂದ ಎತ್ತಿ ನೋಡಬೇಕು. ಫೆಬ್ರವರಿಯಲ್ಲಿ ಎತ್ತಿದ ಭಾರವು ಕೈಗೆ ನೆನಪಿರುತ್ತದೆ. ಅದು ಅರ್ಧಕ್ಕೆ ಇಳಿಯಿತೆಂದು ಕಂಡ ದಿನವೇ ಸಂಜೆಯಲ್ಲಿ ಎರಡು ಪಾಲು ಸಕ್ಕರೆಯ ಗಟ್ಟಿ ಪಾಕವನ್ನು ಕೊಡಲು ಪ್ರಾರಂಭಿಸತಕ್ಕದ್ದು.